ಗುಪ್ತಚರ ಸಂಸ್ಥೆ ಸಿಐಎಯ ನೌಕರರ ಪಿಂಚಣಿ, ಪರಿಹಾರಗಳಿಗೆ ಅಮೆರಿಕದ ಸಂಸತ್ತು ಪ್ರತ್ಯೇಕ ಕಾನೂನು ಮಾಡುವುದೇಕೆ?

ಕಾರಣ ನೇರವಾದದ್ದು: ಅಮೆರಿಕದ ಸಂವಿಧಾನದ ಪ್ರಕಾರ ಕಾನೂನಿನ ಮಂಜೂರಾತಿ ಇಲ್ಲದೆ ಖಜಾನೆಯಿಂದ ಹಣ ತೆಗೆಯುವಂತಿಲ್ಲ. ಆದ್ದರಿಂದ ಸಿಐಎ ಮುಖ್ಯಸ್ಥರಿಗೆ ತಮ್ಮ ಸಿಬ್ಬಂದಿಗೆ ನೆರವಾಗುವ ಮನಸ್ಸಿದ್ದರೂ, ಕೊಡುವ ಅಧಿಕಾರ ಕಾನೂನಿನಿಂದಲೇ ಬರಬೇಕು.

ಇದಕ್ಕೊಂದು ಉದಾಹರಣೆ ನೋಡಿ. ಕ್ಯೂಬಾದ ಹವಾನಾದಲ್ಲಿದ್ದ ಅಮೆರಿಕದ ಅಧಿಕಾರಿಗಳು 2016ರಿಂದ ತಲೆಸುತ್ತು, ಕಿವಿಯಲ್ಲಿ ವಿಚಿತ್ರ ಸದ್ದು, ಬಿಡದ ತಲೆನೋವು ಎಂದು ದೂರತೊಡಗಿದರು. ಕಾರಣ ಏನೆಂಬುದು ಇಂದಿಗೂ ವಿವಾದವೇ. ಚಿಕಿತ್ಸೆಗೂ ಪರಿಹಾರಕ್ಕೂ ಹಲವರು ವರ್ಷಗಟ್ಟಲೆ ಅಲೆದರು. ಕೊನೆಗೆ 2021ರ ಅಕ್ಟೋಬರ್‌ನಲ್ಲಿ 'ಹವಾನಾ ಕಾಯ್ದೆ' ಬಂತು. ಮಿದುಳಿಗೆ ಪೆಟ್ಟಾದ ಸಿಬ್ಬಂದಿಗೆ ಹಣ ನೀಡುವ ಅಧಿಕಾರವನ್ನು ಅದು ಸಿಐಎ ನಿರ್ದೇಶಕರಿಗೂ ವಿದೇಶಾಂಗ ಕಾರ್ಯದರ್ಶಿಗೂ ಕೊಟ್ಟಿತು.

ಇಲ್ಲೊಂದು ಸೂಕ್ಷ್ಮವಿದೆ. ಕಾಯ್ದೆ ಕೊಟ್ಟದ್ದು ಅಧಿಕಾರವನ್ನು. ಹಣ ಪಡೆಯುವ ಹಕ್ಕನ್ನು ನೌಕರನಿಗೆ ಕೊಡಲಿಲ್ಲ. ಯಾರು ಅರ್ಹರೆಂದು ಸಂಸ್ಥೆಯ ನಿಯಮವೇ ತೀರ್ಮಾನಿಸುತ್ತದೆ. ನನ್ನ ಮಟ್ಟಿಗೆ, ನೊಂದವರಿಗೆ ಇದು ಅರ್ಧ ನ್ಯಾಯ.

ಪಿಂಚಣಿಯ ಕಥೆ ಹಳೆಯದು. ಹೊರದೇಶದ ಅಪಾಯಕಾರಿ ಕೆಲಸದಲ್ಲಿ ಬೇಗ ದಣಿಯುವವರಿಗಾಗಿ 1964ರಲ್ಲೇ ಪ್ರತ್ಯೇಕ ಕಾಯ್ದೆ ಮಾಡಿ, 20 ವರ್ಷ ಸೇವೆ ಮುಗಿಸಿದ ಅರ್ಹರು 50ನೇ ವಯಸ್ಸಿಗೇ ನಿವೃತ್ತರಾಗಲು ದಾರಿ ಮಾಡಿಕೊಟ್ಟರು.

ನಮ್ಮ ದೇಶದ ಗುಪ್ತಚರ ಸಂಸ್ಥೆಗಳಾದ ಐಬಿ, ರಾಗಳನ್ನು ಸ್ಥಾಪಿಸುವ ಕಾಯ್ದೆಯೇ ಇಲ್ಲ. ಅವುಗಳ ಸಿಬ್ಬಂದಿಗೆಂದೇ ಸಂಸತ್ತು 1985ರಲ್ಲಿ ಮಾಡಿದ ಕಾನೂನು, ಸಂಘ ಕಟ್ಟುವ, ಪತ್ರಿಕೆಗಳೊಂದಿಗೆ ಮಾತಾಡುವ ಹಕ್ಕುಗಳಿಗೆ ಮಿತಿ ಹಾಕುವಂಥದ್ದು.