ಆಯಿಲ್ ಪ್ರೆಶರ್ ಇಳಿದಾಗ: ಎಂಜಿನ್ ಬಿಚ್ಚುವ ಮುನ್ನ ನೋಡಬೇಕಾದದ್ದು

ಪ್ರಶ್ನೆ: ಮಾನ್ಯರೇ, ನಾನು ಧಾರವಾಡದವನು, ಈಗ ಇಂಗ್ಲೆಂಡಿನ ಕವೆಂಟ್ರಿಯಲ್ಲಿ ನೆಲೆಸಿದ್ದೇನೆ. ನನ್ನ ಬಳಿ 1970ರ ಎಂಜಿಬಿ (ಬ್ರಿಟಿಷ್ ಸ್ಪೋರ್ಟ್ಸ್) ಕಾರಿದೆ. ತಣ್ಣಗಿರುವಾಗ ಸ್ಟಾರ್ಟ್ ಮಾಡಿದರೆ ಆಯಿಲ್ ಗೇಜಿನ ಮುಳ್ಳು 60 ಪಿಎಸ್‌ಐ (ಚದರ ಇಂಚಿಗೆ ಇಷ್ಟು ಪೌಂಡ್ ಎಂಬ ಒತ್ತಡದ ಅಳತೆ) ದಾಟುತ್ತದೆ. ಅರ್ಧ ಗಂಟೆ ಹೆದ್ದಾರಿಯಲ್ಲಿ ಓಡಿಸಿದ ಮೇಲೆ 3000 ಆರ್‌ಪಿಎಂನಲ್ಲಿ 35ಕ್ಕೆ ಇಳಿಯುತ್ತದೆ. ಸಿಗ್ನಲ್‌ನಲ್ಲಿ ನಿಂತಾಗ 10ಕ್ಕಿಂತಲೂ ಕೆಳಗೆ ಹೋಗುತ್ತದೆ. ಕಳೆದ ವರ್ಷ ಹೀಗಿರಲಿಲ್ಲ. ನಡುವೆ ಒಮ್ಮೆ ಆಯಿಲ್ ಬದಲಾಯಿಸಿದ್ದು ಬಿಟ್ಟರೆ ಬೇರೇನೂ ಕೆಲಸ ಮಾಡಿಸಿಲ್ಲ. ಬೇರಿಂಗ್ (ತಿರುಗುವ ದಂಡವನ್ನು ಹೊರುವ ಲೋಹದ ಭಾಗ) ಸವೆದಿದೆ, ಎಂಜಿನ್ ಇಳಿಸಿ ಪೂರ್ತಿ ರೀಕಂಡೀಷನ್ ಮಾಡಿಸಬೇಕು ಎಂದು ಇಲ್ಲಿನ ಗ್ಯಾರೇಜಿನವರು ಹೇಳುತ್ತಿದ್ದಾರೆ. ಇದು ಅನಿವಾರ್ಯವೇ? ಅಲ್ಲಿಯವರೆಗೆ ಗಾಡಿ ಓಡಿಸಬಹುದೇ?

ಉತ್ತರ: ಮೊದಲು ನಿಮ್ಮ ಕೊನೆಯ ಪ್ರಶ್ನೆಗೆ ಉತ್ತರಿಸುತ್ತೇನೆ. ಗೇಜ್ ಹೇಳುತ್ತಿರುವುದು ನಿಜವೋ ಸುಳ್ಳೋ ಎಂದು ಖಚಿತವಾಗುವವರೆಗೆ ದಯವಿಟ್ಟು ಗಾಡಿಯನ್ನು ಹೊರಗೆ ತೆಗೆಯಬೇಡಿ. ಒಂದು ವಾರ ಗಾಡಿ ನಿಂತರೆ ನಷ್ಟವಿಲ್ಲ. ಆಯಿಲಿನ ಪದರ ಹರಿದು ಬೇರಿಂಗ್ ಕ್ರ್ಯಾಂಕ್‌ಶಾಫ್ಟನ್ನು (ಪಿಸ್ಟನ್‌ಗಳು ತಿರುಗಿಸುವ ಮುಖ್ಯ ದಂಡವನ್ನು) ಕಚ್ಚಿಕೊಂಡರೆ ಮಾತ್ರ ಗ್ಯಾರೇಜಿನವರು ಹೇಳಿದ ಖರ್ಚು ನಿಜಕ್ಕೂ ಅನಿವಾರ್ಯವಾಗುತ್ತದೆ.

ಎಂಜಿಬಿಯ 1798 ಸಿಸಿ ಎಂಜಿನ್ನಿಗೆ ತಯಾರಕರು ಕೊಟ್ಟಿರುವ ಅಳತೆ ಹೀಗಿದೆ: ಬಿಸಿಯಾದ ಎಂಜಿನ್ ಸಾಮಾನ್ಯ ವೇಗದಲ್ಲಿ ಓಡುವಾಗ 50ರಿಂದ 80 ಪಿಎಸ್‌ಐ, ಐಡ್ಲಿಂಗ್‌ನಲ್ಲಿ (ಗಾಡಿ ನಿಂತು ಎಂಜಿನ್ ಮಾತ್ರ ಓಡುತ್ತಿರುವಾಗ) 10ರಿಂದ 25. ನಿಮ್ಮ ಎರಡೂ ಅಂಕಿಗಳು ಇದಕ್ಕಿಂತ ಕೆಳಗಿವೆಯಾದ್ದರಿಂದ ಚಿಂತೆ ಸಹಜವಾದದ್ದೇ. ಆದರೆ ಒಂದು ವಿಷಯವನ್ನು ಮನಸ್ಸಿಟ್ಟು ಗಮನಿಸಬೇಕು. ಪಂಪ್ ಒದಗಿಸುವುದು ಆಯಿಲಿನ ಹರಿವನ್ನು ಮಾತ್ರ. ಆ ಆಯಿಲ್ ಬೇರಿಂಗ್‌ಗಳ ಕಿರಿದಾದ ಸಂದುಗಳಲ್ಲಿ ನುಸುಳಿ ಹೋಗಲು ಪಡುವ ಕಷ್ಟವೇ ಗೇಜಿನಲ್ಲಿ ಒತ್ತಡವಾಗಿ ಕಾಣಿಸುತ್ತದೆ. ಸಂದು ಅಗಲವಾದರೂ ಒತ್ತಡ ಇಳಿಯುತ್ತದೆ, ಆಯಿಲ್ ತೆಳುವಾದರೂ ಇಳಿಯುತ್ತದೆ, ಹರಿವು ಬೇರೆ ದಾರಿಯಲ್ಲಿ ಸೋರಿಹೋದರೂ ಇಳಿಯುತ್ತದೆ. ಹೀಗಾಗಿ ಬರೀ ಮುಳ್ಳು ನೋಡಿ ಬೇರಿಂಗ್ ಸವೆದಿದೆ ಎಂದು ತೀರ್ಮಾನಿಸುವುದು ಆತುರದ ಮಾತು.

ಡಿಪ್‌ಸ್ಟಿಕ್‌ನಿಂದ ಪ್ರಾರಂಭಿಸಿ. ಆಯಿಲಿನ ಮಟ್ಟವನ್ನಷ್ಟೇ ನೋಡದೆ ಅದನ್ನು ಮೂಸಿಯೂ ನೋಡಿ. ಚೋಕ್ (ತಣ್ಣನೆಯ ಎಂಜಿನ್ನಿಗೆ ಹೆಚ್ಚು ಪೆಟ್ರೋಲ್ ಕೊಡುವ ಗುಂಡಿ) ಎಳೆದುಕೊಂಡು ಹತ್ತಿರದ ಓಡಾಟಗಳನ್ನೇ ಮಾಡುವ ಗಾಡಿಯಲ್ಲಿ ಪೆಟ್ರೋಲ್ ಸಿಲಿಂಡರಿನ ಗೋಡೆಯಿಂದ ಜಾರಿ ಸಂಪ್‌ಗೆ, ಅಂದರೆ ಎಂಜಿನ್ನಿನ ತಳದ ಆಯಿಲ್ ತೊಟ್ಟಿಗೆ, ಇಳಿಯುತ್ತದೆ. ಮಟ್ಟ ಏರಿದ್ದು ವಾಸನೆಯೂ ಇದ್ದರೆ ಅದನ್ನು ಆಯಿಲ್ ಎಂದು ನಂಬುವಂತಿಲ್ಲ. ಇನ್ನು ಒತ್ತಡ ಇಳಿದದ್ದು ಆಯಿಲ್ ಬದಲಾಯಿಸಿದ ಮೇಲೆಯೇ ಎಂಬುದು ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡ ಸಂಗತಿ. ಬಿಲ್ ಹುಡುಕಿ, ಯಾವ ದರ್ಜೆಯ ಆಯಿಲ್ ಹಾಕಿದ್ದಾರೆಂದು ನೋಡಿ. ಈಗಿನ ಕಾರುಗಳಿಗಾಗಿ ತಯಾರಾದ, ತೆಳುವಾದ 5ಡಬ್ಲ್ಯು-30 ದರ್ಜೆಯ ಆಯಿಲನ್ನು ಈ ಎಂಜಿನ್ನಿಗೆ ಹಾಕಿದ್ದರೆ, ತಣ್ಣಗಿರುವಾಗ ಎಲ್ಲವೂ ಸರಿಯಿದ್ದಂತೆ ಕಂಡು, ಬಿಸಿಯಾದ ಮೇಲೆ ಮುಳ್ಳು ನೀವು ಬರೆದಂತೆಯೇ ಇಳಿಯಬಹುದು. ಇದಕ್ಕೆ ಒಪ್ಪುವುದು ದಪ್ಪನೆಯ 20ಡಬ್ಲ್ಯು-50. ಹಳೆಯ ಎಂಜಿನ್‌ಗಳಿಗಾಗಿಯೇ ಮಾಡಿದ್ದನ್ನು ಕೊಂಡರೆ ಇನ್ನೂ ಒಳ್ಳೆಯದು, ಏಕೆಂದರೆ ಇದರ ಟ್ಯಾಪೆಟ್ ಮತ್ತು ಕ್ಯಾಮ್‌ಗಳಿಗೆ (ಎಂಜಿನ್ನಿನ ವಾಲ್ವ್‌ಗಳನ್ನು ತೆರೆಯುವ ಭಾಗಗಳಿಗೆ) ಬೇಕಾದ ಸತುವಿನ ಅಂಶ ಅಂಥ ಆಯಿಲ್‌ಗಳಲ್ಲಿ ಹೆಚ್ಚಿರುತ್ತದೆ.

ಆಯಿಲನ್ನೂ ಫಿಲ್ಟರನ್ನೂ ಬದಲಾಯಿಸುವಾಗ ಹಳೆಯ ಫಿಲ್ಟರನ್ನು ಎಸೆಯಬೇಡಿ. ಅದನ್ನು ಕತ್ತರಿಸಿ, ಒಳಗಿನ ಕಾಗದದ ನೆರಿಗೆಗಳನ್ನು ಬಿಳಿಯ ಹಾಳೆಯ ಮೇಲೆ ಬಿಡಿಸಿ, ಬಿಸಿಲಿನಲ್ಲಿ ಹಿಡಿದು ನೋಡಿ. ಅಯಸ್ಕಾಂತಕ್ಕೆ ಅಂಟುವ ಕಣಗಳು ಕಬ್ಬಿಣದವು. ಅಂಟದೆ ಬೂದು ಬಣ್ಣದಲ್ಲಿ ಮಿನುಗುವ ಚೂರುಗಳು ಬೇರಿಂಗಿನ ಮೇಲ್ಪದರದವು. ಅವುಗಳ ಜೊತೆಗೆ ತಾಮ್ರದ ಬಣ್ಣವೂ ಕಂಡರೆ ಮೇಲ್ಪದರ ಸವೆದು ಒಳಪದರ ತೆರೆದುಕೊಂಡಿದೆ ಎಂದರ್ಥ. ಹಾಗಿದ್ದಲ್ಲಿ ಗ್ಯಾರೇಜಿನವರ ಮಾತಿನಲ್ಲಿ ಹುರುಳಿದೆ. ಕಾಗದದಲ್ಲಿ ಕಪ್ಪು ಜಿಡ್ಡಷ್ಟೇ ಇದ್ದರೆ ಸದ್ಯಕ್ಕೆ ಭರವಸೆ ಉಳಿದಿದೆ.

ಆಮೇಲೆ ಗೇಜಿನ ಸರದಿ. ಬ್ರಿಟನ್ನಿನಲ್ಲಿ ಮಾರಾಟವಾದ ನಿಮ್ಮ ಮಾದರಿಯ ಗೇಜ್ ವಿದ್ಯುತ್ತಿನದಲ್ಲ. ಎಂಜಿನ್ನಿನಿಂದ ಹೊರಟ ಆಯಿಲ್ ಒಂದು ರಬ್ಬರ್ ಹೋಸ್ ಮತ್ತು ತೆಳುವಾದ ಲೋಹದ ನಳಿಕೆಯ ಮೂಲಕ ಡ್ಯಾಶ್‌ಬೋರ್ಡಿನವರೆಗೂ ಬರುತ್ತದೆ. ಐವತ್ತು ವರ್ಷ ದಾಟಿದ ಗೇಜ್ ತಪ್ಪು ತೋರಿಸುವುದು ಹೊಸ ಸಂಗತಿಯೇನಲ್ಲ. ಸರಿಯೆಂದು ಖಚಿತವಿರುವ ಇನ್ನೊಂದು ಗೇಜನ್ನು ಅದೇ ಜಾಗಕ್ಕೆ ಜೋಡಿಸಿ, ಎಂಜಿನ್ ಪೂರ್ತಿ ಬಿಸಿಯಾದ ಮೇಲೆ ಐಡ್ಲಿಂಗ್‌ನಲ್ಲೂ 3000 ಆರ್‌ಪಿಎಂನಲ್ಲೂ ಅಳೆದು ಬರೆದುಕೊಳ್ಳಿ. ಈ ಕೆಲಸ ಮಾಡುವಾಗ ಆ ರಬ್ಬರ್ ಹೋಸನ್ನು ಬಗ್ಗಿಸಿ ನೋಡಿ. ಅದರಲ್ಲಿ ಬಿರುಕು ಕಂಡರೆ ಬೇರೆ ಯೋಚನೆ ಮಾಡದೆ ಬದಲಾಯಿಸಿ, ಏಕೆಂದರೆ ಅದು ಒಡೆದರೆ ನಾಲ್ಕು ಲೀಟರ್ ಆಯಿಲನ್ನು ಪಂಪ್ ತಾನೇ ರಸ್ತೆಗೆ ಸುರಿದುಬಿಡುತ್ತದೆ.

ಹೊಸ ಆಯಿಲ್ ಹಾಕಿ, ಸರಿಯಾದ ಗೇಜಿನಲ್ಲಿ ಅಳೆದ ಮೇಲೂ ಒತ್ತಡ ಕಡಿಮೆಯೇ ಇದ್ದರೆ ರಿಲೀಫ್ ವಾಲ್ವ್ (ಒತ್ತಡ ಮಿತಿಮೀರಿದಾಗ ಆಯಿಲನ್ನು ಸಂಪ್‌ಗೆ ಬಿಡುವ ಕವಾಟ) ಬಿಚ್ಚಿ. ಬ್ಲಾಕಿನ ಎಡಬದಿಯ ಹಿಂತುದಿಯಲ್ಲಿ ಗುಮ್ಮಟದಂಥ ತಲೆಯ ದೊಡ್ಡ ನಟ್ ಇದೆ. ಅದನ್ನು ತಿರುಗಿಸಿದರೆ ಮೊದಲು ಸ್ಪ್ರಿಂಗ್, ಅದರ ಹಿಂದೆ ಲೋಟದಾಕಾರದ ವಾಲ್ವ್ ಸಿಗುತ್ತದೆ. ವಾಲ್ವ್ ಹಿಡಿದುಕೊಂಡು ಬಾರದಿದ್ದರೆ ಅದರ ಬಾಯಿಗೆ ಬಿಗಿಯಾಗುವ ಮರದ ಕಡ್ಡಿಯನ್ನು ತೂರಿಸಿ ಹೊರಗೆಳೆಯಬಹುದು. ವಾಲ್ವ್ ಕುಳಿತುಕೊಳ್ಳುವ ಅಂಚಿನಲ್ಲಿ ಹೊಳೆಯುವ ಉಂಗುರವೊಂದು ಎಲ್ಲೂ ತುಂಡಾಗದೆ ಸುತ್ತಲೂ ಸಮನಾಗಿ ಕಾಣಬೇಕು. ಉಂಗುರ ಅಲ್ಲಲ್ಲಿ ಮಾಯವಾಗಿದ್ದರೆ ಅಥವಾ ಗೀರು ಬಿದ್ದಿದ್ದರೆ ಆಯಿಲ್ ಅಲ್ಲಿಂದಲೇ ಸಂಪಿಗೆ ವಾಪಸಾಗುತ್ತಿರುತ್ತದೆ. ಆಯಿಲ್ ದಪ್ಪಗಿರುವಾಗ ಈ ಸೋರಿಕೆ ಗೊತ್ತಾಗುವುದಿಲ್ಲ, ಬಿಸಿಯಾಗಿ ತೆಳುವಾದಾಗ ಗೊತ್ತಾಗುತ್ತದೆ. ಆದ್ದರಿಂದ ತಣ್ಣಗಿದ್ದಾಗ 60 ತೋರಿಸುತ್ತದೆ ಎಂಬ ಕಾರಣಕ್ಕೆ ವಾಲ್ವನ್ನು ನಿರ್ದೋಷಿ ಎನ್ನಲಾಗದು. ಹೊಸ ವಾಲ್ವ್ ಮತ್ತು ಸ್ಪ್ರಿಂಗ್ ದುಬಾರಿಯಲ್ಲ, ಎರಡನ್ನೂ ಹಾಕಿಬಿಡಿ. ಸ್ಪ್ರಿಂಗಿನ ಹಿಂದೆ ವಾಷರ್ ತುರುಕಿ ಒತ್ತಡ ಏರಿಸುವ ಉಪಾಯವನ್ನು ಯಾರಾದರೂ ಹೇಳಿದರೆ ಒಪ್ಪಬೇಡಿ. ಅದರಿಂದ ಸುಮಾರು 70 ಪಿಎಸ್‌ಐಗೆ ತೆರೆಯಬೇಕಾದ ವಾಲ್ವ್ ತಡವಾಗಿ ತೆರೆಯುತ್ತದೆಯೇ ಹೊರತು, ಐಡ್ಲಿಂಗ್‌ನ ಒತ್ತಡ ಒಂದು ಪೌಂಡೂ ಏರುವುದಿಲ್ಲ.

ಇಷ್ಟಾದ ಮೇಲೂ ಅಂಕಿ ಏಳದಿದ್ದರೆ, ಅಥವಾ ಈಗಾಗಲೇ ಏರುದಾರಿಯಲ್ಲಿ ಎಂಜಿನ್ ತಳದಿಂದ ಗುಡುಗಿದಂಥ ಸದ್ದು ಕೇಳುತ್ತಿದ್ದರೆ, ಸಂಪ್ ಇಳಿಸಲೇಬೇಕು. ಆಗಲೂ ಎಲ್ಲಕ್ಕೂ ಮೊದಲು ಪಂಪಿನ ಜಾಲರಿಯನ್ನೂ ಪಂಪಿನ ಒಳಸವೆತವನ್ನೂ ನೋಡಿ, ಆಮೇಲೆ ಬಿಗ್ ಎಂಡ್ (ಪಿಸ್ಟನ್ನಿನ ರಾಡನ್ನು ಕ್ರ್ಯಾಂಕ್‌ಗೆ ಸೇರಿಸುವ) ಮತ್ತು ಮೇನ್ (ಕ್ರ್ಯಾಂಕನ್ನು ಬ್ಲಾಕಿನಲ್ಲಿ ಹೊರುವ) ಬೇರಿಂಗ್‌ಗಳನ್ನು ಒಂದೊಂದಾಗಿ ತೆಗೆಸಿ ಅಳತೆ ಮಾಡಿಸಿ. 1964ರ ಕೊನೆಯಿಂದ ಬಂದ ಎಂಜಿನ್‌ಗಳಂತೆ ನಿಮ್ಮದರಲ್ಲಿಯೂ ಐದು ಮೇನ್ ಬೇರಿಂಗ್‌ಗಳಿವೆ. ಕೊನೆಗೆ ರೀಕಂಡೀಷನ್ ಮಾಡಿಸುವುದೇ ಆದರೆ ಕ್ಯಾಮ್‌ಶಾಫ್ಟಿನ ಬೇರಿಂಗ್‌ಗಳನ್ನೂ ಹೊಸದಾಗಿ ಹಾಕಿಸಿ. ಕ್ರ್ಯಾಂಕ್ ಕಡೆಯದೆಲ್ಲವನ್ನೂ ಸರಿಪಡಿಸಿ ಇವುಗಳನ್ನು ಮರೆತರೆ, ಅಷ್ಟು ಹಣ ಸುರಿದ ಮೇಲೂ ಒತ್ತಡ ನಿರೀಕ್ಷೆಯಷ್ಟು ಬರುವುದಿಲ್ಲ. ನಮ್ಮ ಅಂಬಾಸಡರ್ ಕಾರಿನ 1489 ಸಿಸಿ ಪೆಟ್ರೋಲ್ ಎಂಜಿನ್ ಕೂಡ ನಿಮ್ಮ ಎಂಜಿನ್ನಿನ ಬಿ-ಸೀರೀಸ್ ಕುಟುಂಬಕ್ಕೇ ಸೇರಿದ್ದರಿಂದ, ಊರಿಗೆ ಬಂದಾಗ ಹಳೆಯ ಅಂಬಾಸಡರ್ ಮೆಕ್ಯಾನಿಕ್ ಒಬ್ಬರೊಡನೆ ಮಾತನಾಡಿದರೆ ಅವರು ಈ ಎಂಜಿನ್ನಿನ ಸ್ವಭಾವವನ್ನು ಚೆನ್ನಾಗಿಯೇ ವಿವರಿಸಬಲ್ಲರು.

ಪ್ರಶ್ನೆ: ಮೈಸೂರಿನಲ್ಲಿ ನಮ್ಮ ತಂದೆಯವರ ಕಾಲದ ಮಾರಿಸ್ ಮೈನರ್ 1000 ಇದೆ. ಇದರಲ್ಲಿ ಗೇಜ್ ಇಲ್ಲ, ಆಯಿಲ್ ಒತ್ತಡ ಇಳಿದರೆ ಉರಿಯುವ ಎಚ್ಚರಿಕೆಯ ದೀಪ ಮಾತ್ರ ಇದೆ. ದೂರ ಓಡಿಸಿ ನಿಲ್ಲಿಸಿದಾಗ ದೀಪ ಮಿಣುಕುತ್ತದೆ, ಸ್ವಲ್ಪ ಆಕ್ಸಲರೇಟರ್ ಒತ್ತಿದರೆ ಆರುತ್ತದೆ. ದೀಪ ಆರುತ್ತಿರುವುದರಿಂದ ತೊಂದರೆಯಿಲ್ಲ ಎಂದುಕೊಳ್ಳಬಹುದೇ?

ಉತ್ತರ: ಹಾಗೆಂದುಕೊಳ್ಳಬೇಡಿ. ಈ ದೀಪದ ಸ್ವಿಚ್ ಕೆಲಸ ಮಾಡುವುದು ಒತ್ತಡ ಕೆಲವೇ ಪೌಂಡುಗಳಿಗೆ ಇಳಿದಾಗ. ದೀಪ ಆರಿದೆ ಎಂದರೆ ಒತ್ತಡ ಆ ಕನಿಷ್ಠ ಮಿತಿಯ ಮೇಲಿದೆ ಎಂದಷ್ಟೇ ತಿಳಿಯಬೇಕು. ಓಡುವಾಗ ಇರಬೇಕಾದಷ್ಟು ಇದೆಯೇ ಎಂಬುದನ್ನು ದೀಪ ಹೇಳಲಾರದು.

ಇಗ್ನಿಷನ್ ಹಾಕಿ, ಎಂಜಿನ್ ಸ್ಟಾರ್ಟ್ ಮಾಡದೆ, ಸ್ವಿಚ್ಚಿನ ವೈರನ್ನು ಕಳಚಿ. ಆಗಲೂ ದೀಪ ಉರಿಯುತ್ತಿದ್ದರೆ ವೈರ್ ಎಲ್ಲೋ ಸವೆದು ಬಾಡಿಗೆ ತಾಗುತ್ತಿದೆ, ಎಂಜಿನ್ನಿನ ತಪ್ಪಿಲ್ಲ. ದೀಪ ಆರಿದರೆ ಐಡ್ಲಿಂಗ್ ವೇಗ ತೀರಾ ಕಡಿಮೆಯಿದೆಯೇ ಎಂದು ಪರೀಕ್ಷಿಸಿ, ಆಮೇಲೆ ಸ್ವಿಚ್ ತೆಗೆದು ಅದರ ಜಾಗದಲ್ಲಿ ಗೇಜ್ ಕೂರಿಸಿ ಬಿಸಿ ಎಂಜಿನ್ನಿನ ಒತ್ತಡ ಅಳೆಯಿರಿ. ಅಂಕಿ ತೃಪ್ತಿಕರವಾಗಿದ್ದರೆ ಸ್ವಿಚ್ ಬದಲಾಯಿಸಿದರೆ ಸಾಕು. ಕಡಿಮೆಯಿದ್ದರೆ ಮೇಲಿನ ಉತ್ತರದಲ್ಲಿ ಹೇಳಿದ ಕ್ರಮದಲ್ಲೇ ಆಯಿಲ್ ಮತ್ತು ರಿಲೀಫ್ ವಾಲ್ವ್‌ಗಳನ್ನು ನೋಡಿ. ನಿಮ್ಮ ಗಾಡಿಯಲ್ಲಿ ಈ ಕ್ರಮ ತಪ್ಪಬಾರದೆನ್ನಲು ಇನ್ನೊಂದು ಕಾರಣವಿದೆ: ಇದರ ಎ-ಸೀರೀಸ್ ಎಂಜಿನ್ನಿನಲ್ಲಿ ಆಯಿಲ್ ಪಂಪ್ ಕ್ಯಾಮ್‌ಶಾಫ್ಟಿನ ಹಿಂತುದಿಯಲ್ಲಿ, ಫ್ಲೈವೀಲ್ ಮತ್ತು ಎಂಜಿನ್ನಿನ ಹಿಂಬದಿಯ ಪ್ಲೇಟಿನ ಮರೆಯಲ್ಲಿದೆ. ಸಂಪ್ ಇಳಿಸಿದರೂ ಅದು ಕೈಗೆ ಸಿಗುವುದಿಲ್ಲ. ಪಂಪ್ ನೋಡಬೇಕೆಂದರೆ ಗೇರ್‌ಬಾಕ್ಸ್, ಕ್ಲಚ್, ಫ್ಲೈವೀಲ್ ಎಲ್ಲವನ್ನೂ ಬೇರ್ಪಡಿಸಬೇಕಾಗುತ್ತದೆ. ಅಂಥ ಕೆಲಸಕ್ಕೆ ಒಪ್ಪಿಗೆ ಕೊಡುವ ಮೊದಲು ಗೇಜ್ ತೋರಿಸಿದ ಅಂಕಿಯನ್ನು ಕಣ್ಣಾರೆ ನೋಡಿ.