ಸಂಕಲ್ಪವನ್ನು ಜನವರಿಯಿಂದ ಯುಗಾದಿಗೆ ಸರಿಸುವ ಬಗ್ಗೆ

ದಾವಣಗೆರೆಯ ಲೆಕ್ಕಪತ್ರ ಕಚೇರಿಯಲ್ಲಿರುವ ನೀವು ಪ್ರತಿ ಜನವರಿಯಲ್ಲೂ ಕಥೆ ಬರೆಯುವ ಸಂಕಲ್ಪ ಮಾಡಿ ಫೆಬ್ರವರಿಯಲ್ಲಿ ಕೈಬಿಡುವುದಕ್ಕೆ ಬಹುಶಃ ಮಾರ್ಚ್ 31ರ ವರ್ಷಾಂತ್ಯವೇ ಕಾರಣ. ಆರಂಭದ ಹುರುಪು ಇಳಿಯುವ ಹೊತ್ತಿಗೇ ಕಚೇರಿಯ ಹೊರೆ ಏರುತ್ತದೆ. ಚಿತ್ರದುರ್ಗದಲ್ಲಿ ಇದೇ ಬಗೆಯ ಕೆಲಸದಲ್ಲಿರುವ ನಾನು ಸಂಕಲ್ಪವನ್ನು ಯುಗಾದಿಗೆ ಸರಿಸಿದ ಮೇಲೆ ಬರವಣಿಗೆ ನಿಂತಿಲ್ಲ.

ಆದರೆ ಯುಗಾದಿಯ ದಿನವೇ ಬರೆಯಲು ಕೂರಬೇಡಿ. ಹಬ್ಬವು ಚಾಂದ್ರಮಾನದ್ದಾದ್ದರಿಂದ ದಿನ ಸರಿಯುತ್ತದೆ: 2025ರಲ್ಲಿ ಮಾರ್ಚ್ 30ಕ್ಕೆ ಬಂದದ್ದು 2026ರಲ್ಲಿ ಮಾರ್ಚ್ 19ಕ್ಕೆ, ಅಂದರೆ ವರ್ಷಾಂತ್ಯದ ಗಡಿಬಿಡಿಯ ನಡುವೆಯೇ. ಅಂದು ಬೇವು-ಬೆಲ್ಲದ ನಂತರ ಗುರಿಯನ್ನಷ್ಟೇ ಒಂದು ವಾಕ್ಯದಲ್ಲಿ ಬರೆದಿಡಿ. "ಒಳ್ಳೆಯ ಕಥೆ ಬರೆಯಬೇಕು" ಎಂಬುದು ಸಾಲದು, "ಮೃಗಶಿರಾ ಮಳೆಗೆ ಮೊದಲು ಒಂದು ಕಥೆ ಮುಗಿಸಬೇಕು" ಎಂದಿರಲಿ. ಏಪ್ರಿಲ್ ಮಧ್ಯದಲ್ಲಿ ಅಶ್ವಿನಿ ಮಳೆ ಹುಟ್ಟುವಾಗ ಕೆಲಸ ಆರಂಭಿಸಿ. ಅಶ್ವಿನಿ, ಭರಣಿ, ಕೃತ್ತಿಕಾ, ರೋಹಿಣಿ ಮಳೆಗಳಿಗೆ ತಲಾ ಸುಮಾರು 14 ದಿನ: ಮೊದಲ ಮೂರರಲ್ಲಿ ಕರಡು, ರೋಹಿಣಿಯಲ್ಲಿ ತಿದ್ದುಪಡಿ. ಗೋಡೆಯ ಕ್ಯಾಲೆಂಡರಿನಲ್ಲಿ ಈ ದಿನಗಳು ಅಚ್ಚಾಗಿಯೇ ಇರುವುದರಿಂದ ಬೇರೆ ವೇಳಾಪಟ್ಟಿ ಬೇಕಿಲ್ಲ (ಮಳೆಯನ್ನೇ ನಂಬಿ ಕೂರುವುದು ಮಾತ್ರ ನಮ್ಮ ಕಡೆ ಆಗದ ಮಾತು).

ಏಪ್ರಿಲ್ ಬಿಸಿಲಿನಲ್ಲಿ ಕಚೇರಿ ಮುಗಿಸಿ ಬಂದ ಮೇಲೆ ತಲೆ ಓಡುವುದಿಲ್ಲ. ಬೆಳಿಗ್ಗೆ ಐದೂವರೆಯಿಂದ 40 ನಿಮಿಷ ಸಾಕು. ಮಕ್ಕಳ ಬೇಸಿಗೆ ರಜೆ ನಿಮ್ಮ ಮನೆಯಲ್ಲಿ ಅನುಕೂಲವೋ ಗದ್ದಲವೋ ನಾನು ಹೇಳಲಾರೆ. ಗದ್ದಲವಾದರೆ ಕಥೆಯ ಉದ್ದವನ್ನು ಅರ್ಧಕ್ಕೆ ಇಳಿಸಿ, ಮುಗಿಸುವ ದಿನವನ್ನು ಬದಲಿಸಬೇಡಿ.