ಬೋಯಿಂಗ್ 747 ಅಂದ್ರೆ ಯಾಕಿಷ್ಟು ಪ್ರೀತಿ?

“ನಾಲ್ಕು ಎಂಜಿನ್, ಇಂಧನ ಜಾಸ್ತಿ, ತಯಾರಿಕೆಯೂ ನಿಂತಿದೆ. ಆದರೂ 747 ಅಂದ್ರೆ ಜನ ಯಾಕೆ ಪ್ರಾಣ ಬಿಡ್ತಾರೆ?” ಅಂತ ಕೇಳಿದ್ದೀರಿ. ಹಾಗೆ ಪ್ರಾಣ ಬಿಡುವವರಲ್ಲಿ ನಾನೂ ಒಬ್ಬ. ಊರು ಕಾರವಾರ.

ಖರ್ಚಿನ ಮಾತು ನಿಜ. ಬೋಯಿಂಗಿನದೇ ಎರಡು ಎಂಜಿನ್ನಿನ 777 ವಿಮಾನ ಈಗ ಹೆಚ್ಚುಕಮ್ಮಿ ಅಷ್ಟೇ ಜನರನ್ನು ಒಯ್ಯುತ್ತದೆ. ಒಟ್ಟು 1,574 ವಿಮಾನಗಳಾದ ಮೇಲೆ, 2023ರ ಜನವರಿಯಲ್ಲಿ ಬೋಯಿಂಗ್ ಕೊನೆಯ 747 ಅನ್ನು ಕೊಂಡವರ ಕೈಗೆ ಒಪ್ಪಿಸಿತು.

ಆದರೆ 747ರ ಮುಂಭಾಗದಲ್ಲಿ ಮೇಲೆ ಉಬ್ಬಿರುವ ಆ ಗೂನು ಹೇಗೆ ಬಂತು ನೋಡಿ. 1960ರ ದಶಕದಲ್ಲಿ ಬೋಯಿಂಗಿನ ಎಂಜಿನಿಯರ್ ಜೋ ಸಟರ್ ಅವರ ತಂಡ ಇದನ್ನು ರೂಪಿಸುವಾಗ, ಮುಂದೆ ಪ್ರಯಾಣಿಕರೆಲ್ಲ ಶಬ್ದಕ್ಕಿಂತ ವೇಗದ ವಿಮಾನ ಹತ್ತುತ್ತಾರೆ, ಇದಕ್ಕೆ ಸರಕೇ ಗತಿ ಅನ್ನುವ ಲೆಕ್ಕವಿತ್ತು. ಮೂತಿಯನ್ನೇ ಬಾಗಿಲಿನಂತೆ ಮೇಲೆತ್ತಿ ಉದ್ದುದ್ದ ಸಾಮಾನು ತುಂಬಬೇಕು. ಹಾಗಾಗಿ ಪೈಲಟ್‌ಗಳು ಕೂರುವ ಕಾಕ್‌ಪಿಟ್ ಮೇಲಕ್ಕೆ ಹೋಯಿತು, ಅದೇ ಗೂನಾಯಿತು. ಚಂದ ಕಾಣಲಿ ಅಂತ ಯಾರೂ ಮಾಡಿದ್ದಲ್ಲ. ಶಬ್ದಕ್ಕಿಂತ ವೇಗವಾಗಿ ಹಾರುತ್ತಿದ್ದ ಕಾಂಕಾರ್ಡ್ 2003ರಲ್ಲೇ ನಿಂತಿತು. 747 ಇವತ್ತಿಗೂ ಸರಕು ಹೊತ್ತು ಹಾರುತ್ತಿದೆ!

ನನ್ನ ಮನಸ್ಸು ಗೆದ್ದದ್ದು ರೆಕ್ಕೆ. ನಮ್ಮ ಕರಾವಳಿಯ ಎಷ್ಟೋ ಜನ ರಾತ್ರಿ ಬಸ್ಸಲ್ಲಿ ಮುಂಬೈಗೆ ಹೋಗಿ, ಅಲ್ಲಿಂದ ಗಲ್ಫಿಗೆ ವಿಮಾನ ಹತ್ತುತ್ತಿದ್ದರು. ನಾನೂ ಹಾಗೇ ಏರ್ ಇಂಡಿಯಾದ 747 ಹತ್ತಿದವನು. ಕಿಟಕಿಗಳ ಸುತ್ತ ಕೆಂಪು ಬಣ್ಣದಲ್ಲಿ ಅರಮನೆಯ ಕಮಾನು ಕಿಟಕಿಯಂಥ ಝರೋಕಾ ಬರೆದಿರುತ್ತಿದ್ದರು. ಇಳಿಯುವ ಹೊತ್ತಿಗೆ ರೆಕ್ಕೆಯ ಹಿಂದಂಚಿನಿಂದ ಫ್ಲಾಪ್ ಅನ್ನುವ ಹಲಗೆಗಳು ಮೂರು ಪದರವಾಗಿ ಚಾಚಿಕೊಂಡು ಕೆಳಗೆ ಬಾಗುತ್ತವೆ. ನಡುವಿನ ಸೀಳಿನಲ್ಲಿ ಕೆಳಗಿನ ಮನೆಗಳ ಸೂರು ಕಾಣುತ್ತದೆ. ಆ ಸೀಳುಗಳಲ್ಲಿ ನುಗ್ಗುವ ಗಾಳಿ ಫ್ಲಾಪಿಗೆ ಅಂಟಿಕೊಂಡೇ ಹರಿಯುತ್ತದೆ. ಅದಕ್ಕೇ ಅಷ್ಟು ಭಾರದ ವಿಮಾನ ವೇಗ ಇಳಿಸಿಕೊಂಡರೂ ಕುಸಿಯದೆ ಹಾರುತ್ತದೆ. ಚಕ್ರ ಒಟ್ಟು 18. ರೆಕ್ಕೆ ಕೆಳಗಿನ ಚಕ್ರಗಳ ಗುಂಪು ಮುಂಭಾಗ ಎತ್ತಿಕೊಂಡಿರುತ್ತದೆ, ಹಿಂದಿನ ಜೋಡಿ ಮೊದಲು ನೆಲ ಮುಟ್ಟುತ್ತದೆ. ಹೊರಗೆ ನಿಂತು ಅದನ್ನು ನೋಡುವುದೇ ಒಂದು ಸುಖ.

ನಮ್ಮ ಕಾರವಾರದ ಕಡಲತೀರದಲ್ಲಿ ನೌಕಾಪಡೆಯ ಹಳೆಯ ಗಸ್ತು ವಿಮಾನ ಟುಪೊಲೆವ್ 142 ಇಟ್ಟಿದ್ದಾರಲ್ಲ, ಅದನ್ನು ನೋಡಿದವರು ‘ಅಬ್ಬಾ, ಎಷ್ಟು ದೊಡ್ಡದು’ ಅನ್ನುತ್ತಾರೆ. ಅದರ ರೆಕ್ಕೆಯ ಅಗಲ ಸುಮಾರು 50 ಮೀಟರ್. 747ರ 400 ಮಾದರಿಯದ್ದು 64 ಮೀಟರ್ ದಾಟುತ್ತದೆ!

ಇನ್ನೊಂದು ಮಾತು. ಬೋಯಿಂಗಿನ ಹಿಂದಿನ ವಿಮಾನ 707ಕ್ಕಿಂತ ಎರಡು ಪಟ್ಟಿಗೂ ಜಾಸ್ತಿ ಸೀಟು ಕೊಟ್ಟು, ದೂರದ ಪ್ರಯಾಣವನ್ನು ಸಾಮಾನ್ಯ ಜನರ ಕೈಗೆಟುಕುವಂತೆ ಮಾಡಿದ ವಿಮಾನ ಇದು. ನನಗೆ ಅದೇ ದೊಡ್ಡದು. ಲುಫ್ತಾನ್ಸಾ ಇನ್ನೂ ಪ್ರಯಾಣಿಕರ 747 ಹಾರಿಸುತ್ತಿದೆ. ಅವಕಾಶ ಸಿಕ್ಕರೆ ಬಿಡಬೇಡಿ. ರೆಕ್ಕೆಯ ಹಿಂದಿನ ಕಿಟಕಿ ಸೀಟನ್ನೇ ಕೇಳಿ ತಗೊಳ್ಳಿ.